ವರ್ಜೀನಿಯಾ ಯಾಕೆ ತಡ ಮಾಡಿತು?

ಟೆಕ್ಸಾಸ್ 30.2, ವರ್ಜೀನಿಯಾ 30.7. ಅಮೆರಿಕದ 1860ರ ಜನಗಣತಿಯ ಪ್ರಕಾರ ಈ ಎರಡು ರಾಜ್ಯಗಳಲ್ಲಿ ನೂರು ಜನರಿಗೆ ಎಷ್ಟು ಮಂದಿ ಗುಲಾಮರಿದ್ದರು ಅನ್ನುವ ಲೆಕ್ಕ ಇದು. ಹೆಚ್ಚುಕಮ್ಮಿ ಒಂದೇ. ಆದರೆ ಟೆಕ್ಸಾಸ್ 1861ರ ಫೆಬ್ರವರಿ 1ರಂದೇ ಅಮೆರಿಕದ ಒಕ್ಕೂಟ ಬಿಡುವ ತೀರ್ಮಾನ ಮಾಡಿತು. ವರ್ಜೀನಿಯಾ ಅದೇ ತೀರ್ಮಾನಕ್ಕೆ ಬಂದದ್ದು ಏಪ್ರಿಲ್ 17ರಂದು. ಎರಡೂವರೆ ತಿಂಗಳ ಅಂತರ. ಆ ಹೊತ್ತಿಗೆ ಉತ್ತರ-ದಕ್ಷಿಣ ರಾಜ್ಯಗಳ ಅಂತರ್ಯುದ್ಧದ ಮೊದಲ ಫಿರಂಗಿ ಹಾರಿ ಆಗಿತ್ತು.

ದಕ್ಷಿಣದ ರಾಜ್ಯಗಳು ಹೊರಟ ಕ್ರಮಕ್ಕೆ ಎಲ್ಲರೂ ಮೊದಲು ಕೊಡುವ ಕಾರಣ ಈ ಶೇಕಡಾವಾರು ಲೆಕ್ಕವೇ. ಅದು ತಪ್ಪೇನಲ್ಲ. ಒಂದು ಹಾಳೆ ತೆಗೆದುಕೊಂಡು ಒಂದು ಕಡೆ ಗುಲಾಮರ ಪ್ರಮಾಣ, ಇನ್ನೊಂದು ಕಡೆ ಹೊರಟ ದಿನಾಂಕ ಬರೆದು ನೋಡಿ. ದಕ್ಷಿಣ ಕೆರೊಲಿನಾ 57, ಹೊರಟದ್ದು 1860ರ ಡಿಸೆಂಬರ್ 20. ಮಿಸಿಸಿಪ್ಪಿ 55, ಜನವರಿ 9. ಆಮೇಲೆ ಫ್ಲಾರಿಡಾ, ಅಲಬಾಮಾ, ಜಾರ್ಜಿಯಾ, ಲೂಸಿಯಾನಾ. ನಾಲ್ಕರಲ್ಲೂ ಪ್ರಮಾಣ 43ರಿಂದ 47ರ ಒಳಗೆ, ನಾಲ್ಕೂ ಹೊರಟದ್ದು ಅದೇ ಜನವರಿಯಲ್ಲಿ. ಇನ್ನೊಂದು ತುದಿಯಲ್ಲಿ ಕೆಂಟಕಿ 19.5, ಮೇರಿಲ್ಯಾಂಡ್ 12.7, ಮಿಸೌರಿ 9.7, ಡೆಲವೇರ್ 1.6. ಈ ನಾಲ್ಕು ಹೊರಡಲೇ ಇಲ್ಲ. ಎಷ್ಟು ಚೆನ್ನಾಗಿ ಹೊಂದಿಕೊಳ್ಳುತ್ತದೆ ಅಲ್ವಾ?

ನಡುವೆ ಮಾತ್ರ ಗೊಂದಲ. ಉತ್ತರ ಕೆರೊಲಿನಾದಲ್ಲಿ 33, ಅಂದರೆ ಟೆಕ್ಸಾಸ್‌ಗಿಂತ ಜಾಸ್ತಿ. ಆದರೂ ಅದು ಮೇ 20ರವರೆಗೆ ಕದಲಲಿಲ್ಲ. ಇನ್ನು ವರ್ಜೀನಿಯಾದಲ್ಲಿ ಗುಲಾಮರ ಒಟ್ಟು ಸಂಖ್ಯೆ 4,90,865. ಇಡೀ ದೇಶದಲ್ಲಿ ಯಾವ ರಾಜ್ಯದಲ್ಲೂ ಅಷ್ಟು ಜನ ಗುಲಾಮರಿರಲಿಲ್ಲ. ಗುಲಾಮಗಿರಿ ಉಳಿಸಿಕೊಳ್ಳಲೆಂದು ರಾಜ್ಯಗಳು ಹೊರಟವು ಅನ್ನುವುದಾದರೆ (ಅದಕ್ಕೇ ಹೊರಟವು, ಅವೇ ಬರೆದು ಘೋಷಿಸಿಕೊಂಡಿವೆ) ಅತಿ ಹೆಚ್ಚು ಗುಲಾಮರಿದ್ದ ರಾಜ್ಯ ಯಾಕೆ ಬಾಗಿಲಲ್ಲೇ ನಿಂತಿತು?

ಕೊಳ್ಳುವವರು, ಮಾರುವವರು

ಇದಕ್ಕೆ ಸುಳಿವು ಸಿಗುವುದು 1850ರ ಜನಗಣತಿಯನ್ನು 1860ರದ್ದರ ಪಕ್ಕ ಇಟ್ಟಾಗ. ಆ ಹತ್ತು ವರ್ಷದಲ್ಲಿ ಟೆಕ್ಸಾಸ್‌ನ ಗುಲಾಮರ ಸಂಖ್ಯೆ 58,161ರಿಂದ 1,82,566ಕ್ಕೆ ಏರಿತು. ಮೂರು ಪಟ್ಟು. ವರ್ಜೀನಿಯಾದ್ದು 4,72,528ರಿಂದ 4,90,865. ನೂರಕ್ಕೆ ನಾಲ್ಕರಷ್ಟೂ ಏರಲಿಲ್ಲ. ಅಲ್ಲಿ ಮಕ್ಕಳು ಹುಟ್ಟಲಿಲ್ಲ ಅಂತಲ್ಲ. ಮಾರಿಬಿಡುತ್ತಿದ್ದರು.

ಮಾರಾಟ ನಡೆಯುತ್ತಿದ್ದ ಜಾಗ ರಿಚ್ಮಂಡ್ ನಗರದ ಶಾಕೋ ಬಾಟಮ್. ರಾಜ್ಯದ ಶಾಸನಸಭೆ ಇರುವ ಗುಡ್ಡದಿಂದ ಇಳಿದರೆ ಸಿಗುವ ತಗ್ಗು ಪ್ರದೇಶ. ಹರಾಜು ಕಟ್ಟೆಗಳು, ವ್ಯಾಪಾರಿಗಳ ಕಚೇರಿಗಳು, ಮಾರುವ ತನಕ ಜನರನ್ನು ಕೂಡಿಹಾಕುವ ಖಾಸಗಿ ಜೈಲುಗಳು, ಎಲ್ಲ ಒತ್ತೊತ್ತಾಗಿ. ದೇಶದಲ್ಲಿ ನ್ಯೂ ಆರ್ಲಿಯನ್ಸ್ ಬಿಟ್ಟರೆ ಇದೇ ದೊಡ್ಡ ಗುಲಾಮ ಮಾರುಕಟ್ಟೆ. ಗಟ್ಟಿಮುಟ್ಟಾದ ಒಬ್ಬ ಹೊಲದಾಳಿಗೆ 1860ರ ಹೊತ್ತಿಗೆ ಸಾವಿರ ಡಾಲರ್‌ಗೂ ಜಾಸ್ತಿ ಬೆಲೆ. ಇಲ್ಲಿ ಕೊಂಡವರನ್ನು ರೈಲಿನಲ್ಲೋ ಹಡಗಿನಲ್ಲೋ ಹತ್ತಿಯ ನಾಡಿಗೆ ಸಾಗಿಸುತ್ತಿದ್ದರು.

ಹತ್ತಿಯ ನಾಡಿಗೆ ಗುಲಾಮಗಿರಿ ಅಂದರೆ ನಾಳೆಯ ಬದುಕು. ಇನ್ನೂ ಹೊಸ ನೆಲ ಬೇಕು, ಹೊಸ ಆಳು ಬೇಕು, ಸಾಲ ತಂದು ಕೊಂಡಾಗಿದೆ. ಪಶ್ಚಿಮದ ಹೊಸ ಪ್ರದೇಶಗಳಿಗೆ ಗುಲಾಮಗಿರಿ ಹಬ್ಬಲು ಬಿಡೆವು ಎಂದು ಹೇಳಿ ಲಿಂಕನ್ ಗೆದ್ದದ್ದು ಅವರಿಗೆ ನೇರವಾಗಿ ಕೊರಳಿಗೆ ಬಂದ ಹಾಗೆ. ವರ್ಜೀನಿಯಾದ ಹೊಲಗಳಲ್ಲಿ ಹೊಗೆಸೊಪ್ಪು ಇತ್ತು, ಗೋಧಿ ಇತ್ತು. ರಿಚ್ಮಂಡ್‌ನ ಹಿಟ್ಟು ಬ್ರೆಜಿಲ್ ತನಕ ಹೋಗುತ್ತಿತ್ತು. ಟ್ರೆಡೆಗಾರ್ ಎಂಬ ದೊಡ್ಡ ಕಬ್ಬಿಣದ ಕಾರ್ಖಾನೆಯೂ ಇತ್ತು. ಅಲ್ಲೂ ಗುಲಾಮರಿಂದ ಕೆಲಸ ಮಾಡಿಸುತ್ತಿದ್ದರು, ಅದು ಬೇರೆ. ಒಟ್ಟಿನಲ್ಲಿ ರಾಜ್ಯದ ಜೀವ ಒಂದೇ ಬೆಳೆಗೆ ಕಟ್ಟಿಹಾಕಿಕೊಂಡಿರಲಿಲ್ಲ.

(ಹತ್ತಿಯ ಮಾತು ಬಂತಲ್ಲ, ನಮ್ಮ ಕಡೆಗೂ ಇದರ ಒಂದು ಎಳೆ ಇದೆ. ಯುದ್ಧ ಶುರುವಾಗಿ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಬಿದ್ದಾಗ ಮ್ಯಾಂಚೆಸ್ಟರ್ ಗಿರಣಿಯವರು ಧಾರವಾಡದ ಕಡೆ ಕಣ್ಣು ಹಾಕಿದರು. ಅಲ್ಲಿ 1840ರ ದಶಕದಿಂದಲೇ ಅಮೆರಿಕದ ಬೀಜದ ಹತ್ತಿ ಬೆಳೆಯುತ್ತಿದ್ದರು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಕಿತ್ತು ಮುಂಬೈ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆ, ಈ ಹತ್ತಿಯನ್ನು ಕಾರವಾರ ಬಂದರಿನಿಂದ ಸಾಗಿಸುವ ಲೆಕ್ಕಾಚಾರವೂ ಇತ್ತು.)

ಅವಸರ ಮಾಡಿದವರ ಅವಸರ

ದಕ್ಷಿಣ ಕೆರೊಲಿನಾ ಅಷ್ಟು ಬೇಗ ಹೊರಟದ್ದಕ್ಕೆ ಗುಲಾಮರ ಪ್ರಮಾಣದ ಜೊತೆಗೆ ಇನ್ನೊಂದು ಸಣ್ಣ, ಆದರೆ ಮುಖ್ಯವಾದ ಕಾರಣವಿದೆ. ಅಧ್ಯಕ್ಷರ ಚುನಾವಣೆಯಲ್ಲಿ ಜನ ಮತ ಹಾಕದೆ ಅಧ್ಯಕ್ಷನನ್ನು ಆರಿಸುವ ರಾಜ್ಯದ ಪ್ರತಿನಿಧಿಗಳನ್ನು (ಎಲೆಕ್ಟರ್‌ಗಳನ್ನು) ಶಾಸಕರೇ ನೇಮಿಸುತ್ತಿದ್ದ ರಾಜ್ಯ ಆಗ ಅದೊಂದೇ. ಹಾಗಾಗಿ 1860ರ ನವೆಂಬರ್ 6ರಂದು ಲಿಂಕನ್ ಗೆದ್ದಾಗ ಶಾಸಕರೆಲ್ಲ ಆಗಲೇ ರಾಜಧಾನಿಯಲ್ಲಿ ಕೂತಿದ್ದರು. ಮನೆಗೆ ಹೋಗುವ ಬದಲು ಅಲ್ಲೇ ಉಳಿದು, ಒಕ್ಕೂಟ ಬಿಡುವ ಬಗ್ಗೆ ತೀರ್ಮಾನಿಸಲು ಒಂದೇ ವಾರದಲ್ಲಿ ವಿಶೇಷ ಸಭೆ ಕರೆಯುವ ಮಸೂದೆ ಪಾಸು ಮಾಡಿದರು. ಸಭೆ ಕೊಲಂಬಿಯಾದಲ್ಲಿ ಶುರುವಾಯಿತು. ಊರಲ್ಲಿ ಸಿಡುಬು ಹರಡಿದೆ ಎಂದು ಚಾರ್ಲ್ಸ್ಟನ್‌ಗೆ ಹೋಯಿತು. ಅಲ್ಲಿ 169ಕ್ಕೆ ಸೊನ್ನೆ ಮತ. ಒಬ್ಬನೂ ವಿರೋಧಿಸಲಿಲ್ಲ.

ಅವರಿಗೆ ಹಳೆಯದೊಂದು ಪೆಟ್ಟಿನ ನೆನಪೂ ಇತ್ತು. 1832ರಲ್ಲಿ ಕೇಂದ್ರದ ಸುಂಕದ ಕಾನೂನು ಒಪ್ಪುವುದಿಲ್ಲ ಎಂದು ಎದ್ದು ನಿಂತಾಗ ಬೇರೆ ಯಾವ ರಾಜ್ಯವೂ ಜೊತೆಗೆ ಬರಲಿಲ್ಲ. ಈ ಸಲ ಯಾರನ್ನೂ ಕಾಯದೆ ಮೊದಲು ತಾವೇ ಹಾರಿದರು. ಹಾರಿದ ಮೇಲೆ ಉಳಿದವರಿಗೆ ಪ್ರಶ್ನೆಯೇ ಬದಲಾಯಿತು. ‘ಹೊರಡೋಣವೋ ಬೇಡವೋ’ ಅನ್ನುವುದು ಹೋಗಿ ‘ಹೊರಟವರ ಜೊತೆಯೋ, ಅವರ ವಿರುದ್ಧವೋ’ ಅನ್ನುವುದು ಬಂತು.

ಹಾಗಂತ ಆ ಏಳು ರಾಜ್ಯಗಳಲ್ಲೂ ಎಲ್ಲ ಸಲೀಸಾಗಿ ನಡೆಯಲಿಲ್ಲ. ಅಲಬಾಮಾದಲ್ಲಿ 61ಕ್ಕೆ 39. ಜಾರ್ಜಿಯಾದ ಮೊದಲ ಮತದಲ್ಲಿ 166ಕ್ಕೆ 130. ಅಲ್ಲಿ ವಿರುದ್ಧ ಮತ ಹಾಕಿದ ಅಲೆಕ್ಸಾಂಡರ್ ಸ್ಟೀಫನ್ಸ್ ಒಂದು ತಿಂಗಳೊಳಗೆ ಹೊರಟ ರಾಜ್ಯಗಳು ಕಟ್ಟಿಕೊಂಡ ಹೊಸ ಒಕ್ಕೂಟದ ಉಪಾಧ್ಯಕ್ಷನಾದ. ಟೆಕ್ಸಾಸ್‌ನ ಗವರ್ನರ್ ಸ್ಯಾಮ್ ಹ್ಯೂಸ್ಟನ್ ಹೊಸ ಒಕ್ಕೂಟಕ್ಕೆ ಪ್ರಮಾಣ ಮಾಡಲು ಒಪ್ಪದೆ ಕುರ್ಚಿ ಕಳೆದುಕೊಂಡ.

ರಿಚ್ಮಂಡ್‌ನಲ್ಲಿ ಎರಡು ತಿಂಗಳು

ಈಗ ವರ್ಜೀನಿಯಾಕ್ಕೆ ಬರೋಣ. ಅಲ್ಲಿ 1860ರ ಚುನಾವಣೆಯಲ್ಲಿ ಗೆದ್ದವನು ಜಾನ್ ಬೆಲ್. ಸಂವಿಧಾನ, ಒಕ್ಕೂಟ, ಕಾನೂನು ಉಳಿಯಲಿ ಅನ್ನುವುದಷ್ಟೇ ಅವನ ಪಕ್ಷದ ಮಾತು. ಹತ್ತಿ ನಾಡಿನ ಅಭ್ಯರ್ಥಿ ಬ್ರೆಕಿನ್ರಿಜ್‌ಗಿಂತ ಕೆಲವು ನೂರು ಮತವೂ ಹೆಚ್ಚಿಲ್ಲದೆ ಗೆದ್ದ. ಗೆದ್ದ ಅಂತರ ಚಿಕ್ಕದಾದರೂ ಅದರ ಅರ್ಥ ದೊಡ್ಡದು. ಹತ್ತಿ ನಾಡಿನಲ್ಲಿ ಹೆಚ್ಚುಕಮ್ಮಿ ಒಂದೇ ಪಕ್ಷದ ಕಾರುಬಾರು. ವರ್ಜೀನಿಯಾ, ಟೆನೆಸೀ, ಕೆಂಟಕಿಗಳಲ್ಲಿ ಇನ್ನೂ ಎರಡು ಪಕ್ಷ ಜೀವಂತ ಇದ್ದವು. ಈ ಸಲ ಸೋತರೆ ಮುಂದಿನ ಸಲ ನೋಡೋಣ ಅನ್ನುವ ಅಭ್ಯಾಸ ಜನರಿಗಿತ್ತು. ಲಿಂಕನ್‌ಗೂ ಅಲ್ಲಿ ಸುಮಾರು 1,900 ಮತ ಬಿತ್ತು. ದಕ್ಷಿಣದ ಹತ್ತು ರಾಜ್ಯಗಳಲ್ಲಿ ಅವನಿಗೆ ಮತಪತ್ರವೇ ಇರಲಿಲ್ಲ.

ವಿಶೇಷ ಸಭೆಗೆ ಫೆಬ್ರವರಿ 4ರಂದು ಪ್ರತಿನಿಧಿಗಳನ್ನು ಆರಿಸಿದರು. ಒಟ್ಟು 152 ಮಂದಿ. ತಕ್ಷಣ ಹೊರಡಬೇಕು ಅನ್ನುವವರು ಅದರಲ್ಲಿ ಅಲ್ಪಸಂಖ್ಯಾತರು. ಅದೇ ದಿನ ಮತದಾರರು ಇನ್ನೊಂದು ಷರತ್ತನ್ನೂ ಹಾಕಿದರು: ಸಭೆ ಏನೇ ತೀರ್ಮಾನಿಸಲಿ, ಅದು ನಮ್ಮ ಮುಂದೆ ಬಂದೇ ಜಾರಿಯಾಗಬೇಕು. ಸಭೆ ಫೆಬ್ರವರಿ 13ರಂದು ಕೂತಿತು. ಅಧ್ಯಕ್ಷನಾಗಿ ಆರಿಸಿದ್ದೂ ಒಕ್ಕೂಟದ ಪರವಾಗಿದ್ದ ಜಾನ್ ಜಾನಿಯನ್ನು. ವಾಷಿಂಗ್ಟನ್‌ನಲ್ಲಿ ರಾಜಿ ಮಾತುಕತೆಗೆಂದು ‘ಶಾಂತಿ ಸಮ್ಮೇಳನ’ ಕರೆದದ್ದೂ ವರ್ಜೀನಿಯಾವೇ. ಅದರ ಅಧ್ಯಕ್ಷತೆ ವಹಿಸಿದವನು ಮಾಜಿ ರಾಷ್ಟ್ರಾಧ್ಯಕ್ಷ ಜಾನ್ ಟೈಲರ್. ಅಲ್ಲಿಂದ ಬರಿಗೈಯಲ್ಲಿ ವಾಪಸಾದವನು ಹೊರಡುವವರ ಗುಂಪು ಸೇರಿಕೊಂಡ.

ಸಭೆ ಶುರುವಾದ ಒಂದೇ ವಾರದಲ್ಲಿ ಹೊರಟ ರಾಜ್ಯಗಳಿಂದ ಮೂವರು ದೂತರು ಬಂದು ಮಾತಾಡಿದರು. ಒಂಥರಾ ಮದುವೆ ಮಾತುಕತೆಗೆ ಬಂದ ಹಾಗೆ. ಜಾರ್ಜಿಯಾದ ಹೆನ್ರಿ ಬೆನ್ನಿಂಗ್ ಸುತ್ತುಬಳಸಲಿಲ್ಲ. ಉತ್ತರದಿಂದ ಬೇರೆಯಾಗದಿದ್ದರೆ ಗುಲಾಮಗಿರಿ ರದ್ದಾಗುವುದನ್ನು ತಡೆಯಲು ಆಗುವುದಿಲ್ಲ, ಅದಕ್ಕೇ ನಾವು ಹೊರಟೆವು ಎಂದು ನೇರವಾಗಿ ಹೇಳಿದ. ರಾಜ್ಯಗಳ ಹಕ್ಕು, ಸುಂಕ ಅಂತೆಲ್ಲ ಆಮೇಲೆ ಕಟ್ಟಿದ ವಾದಗಳನ್ನು ಓದುವಾಗ ಈ ಭಾಷಣ ಪಕ್ಕದಲ್ಲಿಟ್ಟುಕೊಂಡರೆ ಒಳ್ಳೆಯದು. ದಕ್ಷಿಣ ಕೆರೊಲಿನಾದಿಂದ ಬಂದ ಜಾನ್ ಎಸ್. ಪ್ರೆಸ್ಟನ್ ಹುಟ್ಟಿದ್ದು ವರ್ಜೀನಿಯಾದಲ್ಲೇ. ಅದನ್ನು ಆರಿಸಿಯೇ ಕಳಿಸಿದ್ದರು ಅನ್ನಿಸುತ್ತದೆ.

ಮಾತಿನ ಜೊತೆ ಕಾಗದದ ಮೇಲೂ ಒಂದು ಬಲೆ ಇತ್ತು. ಮಾರ್ಚ್ 11ಕ್ಕೆ ಒಪ್ಪಿಕೊಂಡ ಹೊಸ ಒಕ್ಕೂಟದ ಸಂವಿಧಾನದಲ್ಲಿ ಎರಡು ಸಾಲು ಅಕ್ಕಪಕ್ಕ ಇವೆ. ಒಂದು, ಆಫ್ರಿಕಾದಿಂದ ಗುಲಾಮರನ್ನು ತರುವಂತಿಲ್ಲ. ಇನ್ನೊಂದು, ನಮ್ಮ ಒಕ್ಕೂಟಕ್ಕೆ ಸೇರದ ಯಾವುದೇ ರಾಜ್ಯದಿಂದ ಗುಲಾಮರನ್ನು ತರುವುದನ್ನೂ ನಿಷೇಧಿಸುವ ಅಧಿಕಾರ ಕಾಂಗ್ರೆಸ್‌ಗೆ ಇದೆ. ಶಾಕೋ ಬಾಟಮ್‌ನ ವ್ಯಾಪಾರಿಯ ಕಣ್ಣಿಂದ ಇದನ್ನು ಓದಿ. ಒಳಗೆ ಬಂದರೆ ಆಫ್ರಿಕಾದ ಪೈಪೋಟಿ ಇಲ್ಲದೆ ಇಡೀ ಮಾರುಕಟ್ಟೆ ನಿನ್ನದು. ಹೊರಗೇ ನಿಂತರೆ ನಿನ್ನ ಮಾಲು ಕೊಳ್ಳುವವರಿಲ್ಲ. ಸಂವಿಧಾನದ ಭಾಷೆಯಲ್ಲಿ ಇಷ್ಟು ಒರಟಾದ ವ್ಯಾಪಾರದ ಮಾತನ್ನು ನಾನು ಬೇರೆಲ್ಲೂ ಓದಿಲ್ಲ.

ಇಷ್ಟಾದರೂ ಏಪ್ರಿಲ್ 4ರಂದು ಮತಕ್ಕೆ ಹಾಕಿದಾಗ ಹೊರಡುವ ನಿರ್ಣಯ ಸೋತಿತು. ಒಬ್ಬ ಪರ ಇದ್ದರೆ ಇಬ್ಬರು ವಿರುದ್ಧ.

ಇಲ್ಲಿ ಒಂದು ತಪ್ಪು ತಿಳಿವಳಿಕೆಗೆ ಜಾಗ ಇದೆ. ತಡ ಮಾಡಿದರು ಅಂದರೆ ಗುಲಾಮಗಿರಿಯ ಬಗ್ಗೆ ಮೆದುವಾಗಿದ್ದರು ಅಂದುಕೊಂಡುಬಿಡುತ್ತೇವೆ. ಆ ಸಭೆಯಲ್ಲಿ ಒಕ್ಕೂಟದ ಪರ ಇದ್ದವರಲ್ಲೂ ಬಹಳಷ್ಟು ಜನ ಗುಲಾಮರ ಒಡೆಯರೇ. ಅವರ ವಾದ ಬೇರೆ ಇತ್ತು. ವರ್ಜೀನಿಯಾ ಗಡಿನಾಡು. ಓಡಿಹೋಗುವ ಗುಲಾಮನಿಗೆ ಓಹಿಯೋ ನದಿ ದಾಟಿದರೆ ಉತ್ತರ. ಈಗ ಒಕ್ಕೂಟದ ಕಾನೂನಿದೆ, ಓಡಿಹೋದವನನ್ನು ಅಲ್ಲಿಂದಲೂ ಹಿಡಿದು ತರಬಹುದು. ಹೊರಟುಬಿಟ್ಟರೆ ಆ ಕಾನೂನಿಲ್ಲ, ಓಡಿಹೋದ ಗುಲಾಮರಿಗೆ ಆಶ್ರಯವಾಗಿದ್ದ ಕೆನಡಾದ ಗಡಿಯನ್ನೇ ಹಿತ್ತಲಿಗೆ ಎಳೆದು ತಂದುಕೊಂಡ ಹಾಗೆ. ಯುದ್ಧವಾದರೆ ಸೈನ್ಯ ಓಡಾಡುವುದೂ ಇಲ್ಲೇ. ವಾಷಿಂಗ್ಟನ್‌ನಿಂದ ರಿಚ್ಮಂಡ್‌ಗೆ ಬರೀ 160 ಕಿಲೋಮೀಟರ್. ಅಂದರೆ ಗುಲಾಮಗಿರಿಗೆ ಒಕ್ಕೂಟದ ಒಳಗೇ ಭದ್ರತೆ ಜಾಸ್ತಿ ಅನ್ನುವ ಲೆಕ್ಕ. ಮಿಸಿಸಿಪ್ಪಿಯವರು ಇದೇ ಲೆಕ್ಕ ಹಾಕಿದಾಗ ಉತ್ತರ ಉಲ್ಟಾ ಬಂತು. ಇಬ್ಬರೂ ಉಳಿಸಿಕೊಳ್ಳಲು ನೋಡಿದ್ದು ಅದನ್ನೇ.

ಅವರ ಒಕ್ಕೂಟ ಪ್ರೀತಿಗೆ ಒಂದು ಷರತ್ತಿತ್ತು. ಹೊರಟ ರಾಜ್ಯಗಳ ಮೇಲೆ ವಾಷಿಂಗ್ಟನ್ ಬಲ ಪ್ರಯೋಗ ಮಾಡಬಾರದು. ಮಾಡಿದರೆ ನಾವೂ ಹೊರಟೆವು. ಚಾರ್ಲ್ಸ್ಟನ್‌ನಲ್ಲಿದ್ದವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಏಪ್ರಿಲ್ 10ರಂದು ವರ್ಜೀನಿಯಾದ ರೋಜರ್ ಪ್ರಯರ್ ಅಲ್ಲಿಗೆ ಹೋಗಿ, ಒಂದು ಏಟು ಹೊಡೆಯಿರಿ ಸಾಕು, ಒಂದು ಗಂಟೆಯೊಳಗೆ ವರ್ಜೀನಿಯಾ ನಿಮ್ಮ ಜೊತೆ ಇರುತ್ತದೆ ಎಂದು ಭಾಷಣ ಮಾಡಿದ. ಏಪ್ರಿಲ್ 12ರ ಬೆಳಗಿನ ಜಾವ ಚಾರ್ಲ್ಸ್ಟನ್ ಬಂದರಿನಲ್ಲಿ ಕೇಂದ್ರದ ಸೈನಿಕರಿದ್ದ ಸಮ್ಟರ್ ಕೋಟೆಯ ಮೇಲೆ ಗುಂಡು ಹಾರಿತು. ಮೊದಲ ಗುಂಡುಗಳಲ್ಲಿ ಒಂದನ್ನು ಹಾರಿಸಿದವನು ಎಡ್ಮಂಡ್ ರಫಿನ್. ಅವನೂ ವರ್ಜೀನಿಯಾದವನೇ. ತನ್ನ ರಾಜ್ಯ ಹೊರಡಲಿಲ್ಲ ಎಂದು ಸಿಟ್ಟಾಗಿ ದಕ್ಷಿಣ ಕೆರೊಲಿನಾಕ್ಕೆ ಹೋಗಿ ಕೂತಿದ್ದ ಮುದುಕ.

ಪ್ರೆಸ್ಟನ್ ಎದ್ದು ನಿಂತ

ಗುಂಡು ಹಾರುತ್ತಿದ್ದ ಹೊತ್ತಿಗೆ ಸಭೆಯ ಮೂವರು ಪ್ರತಿನಿಧಿಗಳು ವಾಷಿಂಗ್ಟನ್‌ನಲ್ಲಿದ್ದರು. ಹೊರಟ ರಾಜ್ಯಗಳ ವಿಷಯದಲ್ಲಿ ನಿಮ್ಮ ನೀತಿ ಏನು ಎಂದು ಲಿಂಕನ್‌ನನ್ನೇ ಕೇಳಿ ಬರಲು ಸಭೆ ಕಳಿಸಿತ್ತು. ಆ ಮೂವರಲ್ಲಿ ಇಬ್ಬರ ಹಿನ್ನೆಲೆ ಸ್ವಲ್ಪ ನೋಡಬೇಕು.

1831ರಲ್ಲಿ ವರ್ಜೀನಿಯಾದ ಸೌತಾಂಪ್ಟನ್ ಕೌಂಟಿಯಲ್ಲಿ ನ್ಯಾಟ್ ಟರ್ನರ್ ನಾಯಕತ್ವದಲ್ಲಿ ಗುಲಾಮರು ದಂಗೆ ಎದ್ದಿದ್ದರು. ಆ ಭಯದಲ್ಲಿ ಆ ಚಳಿಗಾಲ ರಾಜ್ಯದ ಶಾಸನಸಭೆ ಗುಲಾಮಗಿರಿಯನ್ನೇ ಕೈಬಿಡೋಣವೇ ಎಂದು ಬಹಿರಂಗವಾಗಿ ಚರ್ಚಿಸಿತು. ನಿಧಾನವಾಗಿ ಬಿಡುಗಡೆ ಮಾಡುವ ಯೋಜನೆ ಮುಂದಿಟ್ಟವನು ಮಾಜಿ ರಾಷ್ಟ್ರಾಧ್ಯಕ್ಷ ಜೆಫರ್ಸನ್‌ನ ಮೊಮ್ಮಗ ಥಾಮಸ್ ಜೆಫರ್ಸನ್ ರ‍್ಯಾಂಡಾಲ್ಫ್. ಗುಲಾಮಗಿರಿ ತೆಗೆಯಲು ಈಗಲೇ ಕಾನೂನು ಮಾಡಬೇಕು ಎಂಬ ನಿರ್ಣಯ ತಂದವನು ಪಶ್ಚಿಮದ ಬೆಟ್ಟಗಳ ಕಡೆಯ ಯುವ ಶಾಸಕ ವಿಲಿಯಂ ಬ್ಯಾಲರ್ಡ್ ಪ್ರೆಸ್ಟನ್ (ದೂತನಾಗಿ ಬಂದಿದ್ದ ಜಾನ್ ಪ್ರೆಸ್ಟನ್ ಬೇರೆ). 58ಕ್ಕೆ 73 ಮತಗಳಿಂದ ಸೋತ. ಹದಿನೈದು ಮತದ ಅಂತರ. ವರ್ಜೀನಿಯಾ ಎಂದಾದರೂ ಕೈಕೊಡಬಹುದು ಎಂದು ಹತ್ತಿ ನಾಡಿನವರು ಅಂಜುತ್ತಿದ್ದದ್ದು ಸುಮ್ನೆ ಅಲ್ಲ.

ಇಪ್ಪತ್ತೊಂಬತ್ತು ವರ್ಷ ಕಳೆದ ಮೇಲೆ, 1861ರ ಏಪ್ರಿಲ್‌ನಲ್ಲಿ, ಲಿಂಕನ್‌ನನ್ನು ಕಂಡುಬಂದ ಮೂವರಲ್ಲಿ ಒಬ್ಬ ಇದೇ ಪ್ರೆಸ್ಟನ್. ಇನ್ನೊಬ್ಬ ಆ ಮೊಮ್ಮಗ ರ‍್ಯಾಂಡಾಲ್ಫ್‌ನ ತಮ್ಮ ಜಾರ್ಜ್. ಜಾರ್ಜ್ ಮೊದಲಿಂದಲೂ ಹೊರಡುವವರ ಕಡೆ. ಪ್ರೆಸ್ಟನ್ ಒಕ್ಕೂಟದ ಪರ ಇದ್ದವನು. ಏಪ್ರಿಲ್ 15ರಂದು ಲಿಂಕನ್ ದಂಗೆ ಹತ್ತಿಕ್ಕಲು 75,000 ಸೈನಿಕರನ್ನು ಕೇಳಿದ. ವರ್ಜೀನಿಯಾದಿಂದಲೂ ಮೂರು ರೆಜಿಮೆಂಟ್ ಕೇಳಿದ. ಗವರ್ನರ್ ಲೆಚರ್ ಕೊಡುವುದಿಲ್ಲ ಎಂದು ಬರೆದು ಕಳಿಸಿದ. ಮರುದಿನ ಸಭೆ ಬಾಗಿಲು ಮುಚ್ಚಿಕೊಂಡು ಗುಟ್ಟಾಗಿ ಕೂತಾಗ, ಒಕ್ಕೂಟ ಬಿಡುವ ನಿರ್ಣಯವನ್ನು ಮಂಡಿಸಿದವನು ವಿಲಿಯಂ ಬ್ಯಾಲರ್ಡ್ ಪ್ರೆಸ್ಟನ್.

ಏಪ್ರಿಲ್ 17ರಂದು ಮಾಜಿ ಗವರ್ನರ್ ಹೆನ್ರಿ ವೈಸ್ ಎದ್ದು, ದೊಡ್ಡ ಪಿಸ್ತೂಲೊಂದನ್ನು ಮುಂದಿನ ಮೇಜಿನ ಮೇಲಿಟ್ಟ. ಗಡಿಯಾರ ತೆಗೆದು ನೋಡಿದ. ಹಾರ್ಪರ್ಸ್ ಫೆರಿ ಊರಿನ ಕೇಂದ್ರ ಸರ್ಕಾರದ ಶಸ್ತ್ರಾಗಾರ ಹಿಡಿಯಲು ನಮ್ಮ ಜನ ಈಗಾಗಲೇ ಹೊರಟಾಗಿದೆ ಎಂದ. ಹಿಂದಿನ ರಾತ್ರಿ ಸೇನಾ ಸ್ವಯಂಸೇವಕರ ಮುಖಂಡರನ್ನು ಕೂರಿಸಿಕೊಂಡು ತಾನೇ ಹೂಡಿದ್ದ ಯೋಜನೆ ಅದು. ಒಂದೂವರೆ ವರ್ಷದ ಹಿಂದೆ, ಗುಲಾಮರನ್ನು ದಂಗೆ ಎಬ್ಬಿಸಲೆಂದು ಅದೇ ಶಸ್ತ್ರಾಗಾರಕ್ಕೆ ನುಗ್ಗಿದ್ದಕ್ಕೆ ಜಾನ್ ಬ್ರೌನ್‌ನನ್ನು ಗಲ್ಲಿಗೇರಿಸಿದ್ದು ಇದೇ ವೈಸ್‌ನ ಆಡಳಿತ. ಸಭೆ ಮತ ಹಾಕಿತು: 88 ಪರ, 55 ವಿರುದ್ಧ.

ವಿರುದ್ಧ ಹಾಕಿದವರಲ್ಲಿ ಜೂಬಲ್ ಅರ್ಲಿ ಒಬ್ಬ. ಆಮೇಲೆ ದಕ್ಷಿಣದ ಸೇನೆಯಲ್ಲಿ ಜನರಲ್ ಆದ. ಯುದ್ಧ ಮುಗಿದ ಮೇಲೆ ದಕ್ಷಿಣದ ಹೋರಾಟ ಎಷ್ಟು ಪವಿತ್ರವಾಗಿತ್ತು ಎಂದು ಬರೆಯುವುದರಲ್ಲೇ ಆಯುಷ್ಯ ಕಳೆದ.

ರಾಜ್ಯದೊಳಗೆ ಇನ್ನೊಂದು ರಾಜ್ಯ

ಆ 55 ಮತಗಳಲ್ಲಿ ದೊಡ್ಡ ಪಾಲು ಅಲೆಗೆನಿ ಬೆಟ್ಟಗಳ ಆಚೆಯವರದು. ದೇಶದ ನಕ್ಷೆ ಬಿಟ್ಟು ವರ್ಜೀನಿಯಾದ ಕೌಂಟಿಗಳ ನಕ್ಷೆ ಹಿಡಿದರೆ ಅದೇ ಕಥೆ ಚಿಕ್ಕದಾಗಿ ಕಾಣುತ್ತದೆ. ಹೊಗೆಸೊಪ್ಪಿನ ನಾಡಾದ ನಾಟವೇ, ಅಮೀಲಿಯಾ ಕೌಂಟಿಗಳಲ್ಲಿ ಹತ್ತರಲ್ಲಿ ಏಳು ಮಂದಿ ಗುಲಾಮರು, ಅಂದರೆ ದಕ್ಷಿಣ ಕೆರೊಲಿನಾವನ್ನೂ ಮೀರಿಸಿದ ಪ್ರಮಾಣ. ಮುಂದೆ ಪಶ್ಚಿಮ ವರ್ಜೀನಿಯಾ ಆದ ಭಾಗದಲ್ಲಿ ಸುಮಾರು 3 ಲಕ್ಷ 76 ಸಾವಿರ ಜನರ ನಡುವೆ ಗುಲಾಮರು ಸುಮಾರು 18 ಸಾವಿರ. ತೀರಾ ಉತ್ತರದ ಕೌಂಟಿಗಳಲ್ಲಂತೂ ಬೆರಳೆಣಿಕೆ. ಅಲ್ಲಿನವರ ಸಂತೆ, ಸಾಲ, ನೆಂಟಸ್ತಿಕೆ ಎಲ್ಲ ಪಿಟ್ಸ್‌ಬರ್ಗ್, ಬಾಲ್ಟಿಮೋರ್ ಕಡೆಗೆ. ರೈಲೂ ಆ ಕಡೆಯದೇ.

ಅವರಿಗೆ ತೆರಿಗೆಯ ಸಿಟ್ಟೂ ಇತ್ತು. 1851ರ ರಾಜ್ಯ ಸಂವಿಧಾನದ ಪ್ರಕಾರ ಹನ್ನೆರಡು ವರ್ಷದೊಳಗಿನ ಗುಲಾಮರ ಮೇಲೆ ತೆರಿಗೆ ಇಲ್ಲ. ದೊಡ್ಡವರ ಬೆಲೆ ಮಾರುಕಟ್ಟೆಯಲ್ಲಿ ಎಷ್ಟೇ ಇರಲಿ, ತೆರಿಗೆಗೆ ಹಿಡಿಯುವುದು 300 ಡಾಲರ್ ಮಾತ್ರ. ಬೆಟ್ಟದ ರೈತ ಮಾತ್ರ ತನ್ನ ಹೊಲ, ದನಗಳಿಗೆ ಪೂರ್ತಿ ಬೆಲೆಯ ಮೇಲೆ ಕಟ್ಟಬೇಕು. ನಿಮ್ಮ ಆಸ್ತಿ ಉಳಿಸಲು ನಾವು ಯುದ್ಧಕ್ಕೆ ಬರಬೇಕು, ಆದರೆ ಅದಕ್ಕೆ ನೀವು ಸರಿಯಾಗಿ ತೆರಿಗೆಯನ್ನೂ ಕಟ್ಟುವುದಿಲ್ಲವೇ ಅನ್ನುವ ಪ್ರಶ್ನೆಯನ್ನು ಅವರ ಪ್ರತಿನಿಧಿಗಳು ಸಭೆಯಲ್ಲೇ ಎತ್ತಿದ್ದರು.

ಮೇ 23ರಂದು ಜನಮತ ನಡೆಯಿತು. ಹೊರಡುವ ಪಕ್ಷ ಭಾರಿ ಅಂತರದಲ್ಲಿ ಗೆದ್ದಿತು. ಆದರೆ ಸೇನೆಯ ಹೊಣೆಯನ್ನು ರಾಬರ್ಟ್ ಲೀಗೆ ಒಪ್ಪಿಸಿ ಆಗಲೇ ಒಂದು ತಿಂಗಳಾಗಿತ್ತು. ಹೊಸ ಒಕ್ಕೂಟ ರಾಜಧಾನಿಯನ್ನೇ ರಿಚ್ಮಂಡ್‌ಗೆ ತರಲು ತೀರ್ಮಾನಿಸಿಯೂ ಆಗಿತ್ತು. ಜೂನ್‌ನಲ್ಲಿ ವಾಯುವ್ಯದವರು ವೀಲಿಂಗ್ ಊರಲ್ಲಿ ಸೇರಿ, ನಿಜವಾದ ವರ್ಜೀನಿಯಾ ಸರ್ಕಾರ ನಮ್ಮದೇ ಎಂದು ಫ್ರಾನ್ಸಿಸ್ ಪಿಯರ್‌ಪಾಂಟ್‌ನನ್ನು ಗವರ್ನರ್ ಮಾಡಿಕೊಂಡರು. ಎರಡು ವರ್ಷಕ್ಕೆ, 1863ರ ಜೂನ್ 20ರಂದು, ಪಶ್ಚಿಮ ವರ್ಜೀನಿಯಾ ಬೇರೆ ರಾಜ್ಯವಾಯಿತು. ಗೆರೆ ಎಳೆದದ್ದು ಅಷ್ಟೇನೂ ನೀಟಾಗಿರಲಿಲ್ಲ. ಹೊರಡಬೇಕು ಎಂದು ಮತ ಹಾಕಿದ್ದ ಎಷ್ಟೋ ಕೌಂಟಿಗಳನ್ನೂ ಅದರೊಳಗೆ ಸೇರಿಸಿಕೊಂಡರು.

ಇದನ್ನು ಗುಲಾಮಗಿರಿ ವಿರೋಧಿಗಳ ರಾಜ್ಯ ಅನ್ನುವವರಿದ್ದಾರೆ. ಅದು ಒಕ್ಕೂಟಕ್ಕೆ ಸೇರಿದ್ದು ಗುಲಾಮರನ್ನು ಇಟ್ಟುಕೊಂಡೇ. 1863ರ ಜನವರಿ 1ರ ಲಿಂಕನ್‌ನ ಬಿಡುಗಡೆ ಘೋಷಣೆ ಈ ಕೌಂಟಿಗಳನ್ನು ಹೆಸರಿಸಿಯೇ ಹೊರಗಿಟ್ಟಿತ್ತು. ರಾಜ್ಯವಾಗಲು ಕಾಂಗ್ರೆಸ್ ಹಾಕಿದ ಷರತ್ತಿನಂತೆ 1863ರ ಜುಲೈ 4ರ ನಂತರ ಹುಟ್ಟಿದವರು ಸ್ವತಂತ್ರರು. ಹತ್ತು ವರ್ಷದೊಳಗಿನವರಿಗೆ 21 ತುಂಬಿದಾಗ ಬಿಡುಗಡೆ, ಹತ್ತರಿಂದ ಇಪ್ಪತ್ತೊಂದರೊಳಗಿನವರಿಗೆ 25 ತುಂಬಿದಾಗ. ಅಂದು ಇಪ್ಪತ್ತೆರಡಾಗಿದ್ದವರಿಗೆ ಆ ಷರತ್ತಿನಲ್ಲಿ ಏನೂ ಇರಲಿಲ್ಲ. ರಾಜ್ಯದ ಶಾಸನಸಭೆ ಗುಲಾಮಗಿರಿಯನ್ನು ಪೂರ್ತಿ ತೆಗೆದುಹಾಕಿದ 1865ರ ಫೆಬ್ರವರಿ 3ರವರೆಗೆ ಅವರು ಕಾದರು.